ಎಲ್ಲಿತ್ತು ಹೇಳು ನೋಡೋಣ

ಕಾರು ಮನೆಗಿಂತ ಉದ್ದ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಪೂರ್ತಿ ಸುಳ್ಳೇನಲ್ಲ. ಆ ಕಡುನೀಲಿ ಕಾರು ಅಂಗಳದಲ್ಲಿ ನಿಂತರೆ ಚಪ್ಪಲಿ ಬಿಡಲೂ ಜಾಗವಿರುತ್ತಿರಲಿಲ್ಲ. ಅಪ್ಪ ಹರೆಯದಿಂದಲೂ ಯಜಮಾನರಿಗಾಗಿ ಓಡಿಸಿದ ಐಷಾರಾಮಿ ಕಾರು ಅದು. ಯಜಮಾನರು ಹೊಸದು ಕೊಂಡಾಗ ಹಳೆಯದು ಅಪ್ಪನ ಪಾಲಿಗೆ ಬಂತು. ಅಮ್ಮ ಬದುಕಿರುವವರೆಗೂ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದಳು.

ಸವತಿಯ ಸಿಂಗಾರ ವಾರಕ್ಕೊಮ್ಮೆ, ಬೆಳಿಗ್ಗೆ. ರಸ್ತೆಯ ಕಲ್ಲು ಸಿಡಿದು ಬಣ್ಣದ ಚಕ್ಕೆ ಎದ್ದ ಕಡೆ ಅಪ್ಪ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ನುಣ್ಣನೆಯ ಉಪ್ಪುಕಾಗದದಿಂದ ಅಂಚನ್ನು ಮೆಲ್ಲಗೆ ತಿಕ್ಕುತ್ತಿದ್ದರು. ಆಮೇಲೆ ಚೂಪು ಮಾಡಿದ ಬೆಂಕಿಕಡ್ಡಿಯ ತುದಿಯಲ್ಲಿ ಒಂದೇ ಹನಿ ಬಣ್ಣ. ಬ್ರಷ್ ಮುಟ್ಟುತ್ತಿರಲಿಲ್ಲ. "ಬ್ರಷ್ಷು ಬಾಯಿಬಡುಕ ಕಣೇ, ಹೇಳಬೇಡ ಅಂದಿದ್ದನ್ನೂ ಹೇಳ್ಬಿಡುತ್ತೆ" ಎನ್ನುತ್ತಿದ್ದರು. ಹನಿ ಒಣಗಿದ ಮೇಲೆ ಇನ್ನೊಂದು, ಕೊನೆಗೆ ಪಾಲಿಶ್. ಅಷ್ಟಾದ ಮೇಲೆ ಮಗಳಿಗೆ ಕರೆ: "ಎಲ್ಲಿತ್ತು ಹೇಳು ನೋಡೋಣ!" ಸೋತವರು ಚಹಾ ಮಾಡಬೇಕು. ಚಿಕ್ಕಂದಿನಿಂದಲೂ ಮಗಳೇ ಚಹಾ ಮಾಡುತ್ತ ಬಂದಿದ್ದಳು.

ಈಚೆಗೆ ಕಾರಿಗೆ ಗಾಯ ಹೆಚ್ಚಾಗಿತ್ತು. ಹೋದ ವಾರ ಗೇಟಿನ ಕಂಬಕ್ಕೆ ಅದರ ಮೂತಿ ತಾಗಿತು. "ಕಂಬವೇ ಈಚೆ ಸರಿದಿದೆ" ಎಂದರು ಅಪ್ಪ. "ಹೌದೌದು, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಮಗಳು ನಕ್ಕುಬಿಟ್ಟಿದ್ದಳು.

ಇವತ್ತು ಕರೆ ಬಂದಾಗ ಅವಳು ಹೊಸ್ತಿಲಲ್ಲೇ ನಿಂತಳು. ಬಾನೆಟ್ ಮೇಲೆ ದಪ್ಪನೆಯ ನೊಣ ಕೂತಿತ್ತು. ಹತ್ತಿರ ಹೋಗಿ ಕೈ ಬೀಸಿದಳು. ಹಾರಲಿಲ್ಲ. ಅಪ್ಪನ ಕಾಲ ಬಳಿ ತೆರೆದಿದ್ದುದು ಚಕ್ರಕ್ಕೆ ಬಳಿಯುವ ಕಪ್ಪು ಬಣ್ಣದ ಡಬ್ಬಿ. ನೀಲಿಯದರ ಮುಚ್ಚಳ ತೆಗೆದೇ ಇರಲಿಲ್ಲ.

"ಸಿಕ್ತಾ?" ಅಪ್ಪ ಹುಬ್ಬು ಹಾರಿಸಿದರು. ಆಗಲೇ ಮುಖದಲ್ಲಿ ಚಹಾದ ಆಸೆಯಿತ್ತು.

ಸಿಗಲಿಲ್ಲ ಎಂದುಬಿಟ್ಟರೆ ಬೆಳಗು ಸುಖವಾಗಿ ಕಳೆಯುತ್ತಿತ್ತು. ಆದರೆ ಇನ್ನು ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಬಾಣಂತಿಯನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಕರೆತರಲು ಅಪ್ಪ ಹೊರಡುವವರಿದ್ದರು. ಅವಳು ಬೆರಳನ್ನು ನೇರವಾಗಿ ಆ ಚುಕ್ಕೆಯ ಮೇಲಿಟ್ಟಳು.

"ಇಲ್ಲಿ. ಇದು ಕಪ್ಪು, ಅಪ್ಪಾ."

ಅಪ್ಪ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಡಬ್ಬಿಗಳೆರಡನ್ನೂ ಬಿಸಿಲಿಗೆ ಹಿಡಿದರು.

"ಎರಡೂ ಒಂದೇ ಥರ ಕಾಣ್ತಿವೆಯಲ್ಲೇ..." ಎನ್ನುವಾಗ ದನಿ ಸಣ್ಣಗಾಗಿತ್ತು.

ಹೋದ ವಾರ ತಾನು ನಕ್ಕಿದ್ದು ಮಗಳಿಗೆ ನೆನಪಾಯಿತು. ಅಪ್ಪ ಒಳಗೆ ಹೋಗಿ ಚಹಾ ಮಾಡಿ ತಂದರು. ಸಕ್ಕರೆ ಮುಂದಾಗಿತ್ತು. ಲೋಟದ ಪಕ್ಕದಲ್ಲಿ ಕಾರಿನ ಕೀಲಿಯಿತ್ತು.

"ನಿಧಾನಕ್ಕೆ ಓಡಿಸು. ಬರುವಾಗ ಮಗು ಇರುತ್ತೆ."

"ನೀನೂ ಬಾಪ್ಪಾ. ಕಣ್ಣಿನ ಡಾಕ್ಟರೂ ಅಲ್ಲೇ ಇದಾರೆ."

ಮುಂದಿನ ಸೀಟಿನಲ್ಲಿ ಕೂಸಿನ ಬಟ್ಟೆಯ ಗಂಟಿತ್ತು. ಅಪ್ಪ ಅಭ್ಯಾಸಬಲದಿಂದ ಹಿಂದಿನ ಬಾಗಿಲು ತೆರೆದು, ಯಾರೋ ಬಂದು ಹತ್ತುತ್ತಾರೆ ಎನ್ನುವ ಹಾಗೆ ಹಿಡಿದು ನಿಂತರು. ಆಮೇಲೆ ತಾವೇ ಹತ್ತಿ ಕುಳಿತರು. ಮಗಳು ಕಾರನ್ನು ಮೆಲ್ಲಗೆ ಬೀದಿಯ ತಿರುವು ದಾಟಿಸಿದಳು.

ಆಮೇಲೆ ಅಪ್ಪ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು.

"ಹಿಂದೆ ಇಷ್ಟು ಮೆತ್ತಗಿದೆ ಅಂತ ಯಜಮಾನ್ರು ಒಂದಿನಾನೂ ಹೇಳಲೇ ಇಲ್ಲ ನೋಡು."