ಸಾಹೇಬರಿಗೆಂದು ಕರಿದ ಗೋಳಿಬಜೆ

ನನ್ನ ಮೊಮ್ಮಗಳಿಗೆ ಪ್ರಮೋಶನ್ ಸಿಕ್ಕಿತು, ಸಂಬಳವೂ ಏರಿತು! ಆಗಷ್ಟೇ ಮನೆಗೆ ಬಂದಿದ್ದ ಮೊಬೈಲಿನಲ್ಲಿ ಅವಳು ಈ ಸುದ್ದಿ ಹೇಳಿದಾಗ, ಇಲ್ಲಿ ತಮಿಳರ ನಡುವೆ, ರಾಯಪುರಂನ ನಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದವನು ನಾನೇ. ಮೂರನೇ ಕ್ಲಾಸು ಓದಿ ಹೋಟೆಲಿನ ಒಲೆಯ ಮುಂದೆ ಬದುಕು ಕಳೆದವನಿಗೆ, ಮೊಮ್ಮಗಳು ಸರ್ಕಾರಿ ಆಫೀಸಿನ ಕ್ಲರ್ಕ್ ಎಂಬುದೇ ದೊಡ್ಡದಾಗಿತ್ತು.

ಆದರೆ ಅಲ್ಲಿಯವರೆಗೆ ಅವಳು ಮೇಲಿನವರ ಕೆಲಸವನ್ನೂ ಮಾಡಿ, ಕೆಳಗಿನವರ ಸಂಬಳ ತರುತ್ತಿದ್ದಳು. ಪ್ರಮೋಶನ್ ಕೇಳಿ ಕೊಟ್ಟ ಅರ್ಜಿಗೆ ಉತ್ತರವೇ ಬರಲಿಲ್ಲ. ಕೊನೆಗೆ ಸಾಹೇಬರನ್ನೇ ಕಂಡು ಕೇಳುವುದೆಂದು ನಿರ್ಧರಿಸಿದಳು. ನಮ್ಮ ಹೋಟೆಲಿನಲ್ಲೊಂದು ಪದ್ಧತಿಯಿತ್ತು: ಸಂಬಳ ಹೆಚ್ಚಿಸಿ ಎನ್ನುವವನು ಮೊದಲು ಧಣಿಗೆ ತನ್ನ ಕೈಯಾರೆ ತಿಂಡಿ ಮಾಡಿ ಬಡಿಸಬೇಕು. ಹಾಗಾಗಿ ನಾನು ಬೆಳಿಗ್ಗೆಯೇ ಗೋಳಿಬಜೆ ಕರಿದು ಡಬ್ಬಿ ತುಂಬಿಸಿದೆ.

"ಇದನ್ನು ಸಾಹೇಬ್ರಿಗೆ ಕೊಡು ಮಾರಾಯ್ತಿ. ತಿಂದ ಮೇಲೆ ಇಲ್ಲ ಅನ್ನೂಕೆ ಬಾಯಿ ಬರುದಿಲ್ಲ."

"ಅಯ್ಯಯ್ಯೋ ತಾತಾ, ಅದು ಲಂಚ! ಪ್ರಮೋಶನ್ ಅಲ್ಲ, ಸಸ್ಪೆಂಡ್ ಮಾಡ್ತಾರೆ!"

"ಎಂಥದು, ಬಜೆಗೂ ಸಸ್ಪೆಂಡಾ?"

"ಬಜೆಗೂ!" ಎಂದು ನಕ್ಕವಳು ಬಾಗಿಲಲ್ಲೇ ನಿಂತು ಒಂದೊಂದಾಗಿ ತಾನೇ ತಿಂದಳು. ಹೆದರಿಕೆಯಿಂದ ಹಿಂದಿನ ದಿನ ಸರಿಯಾಗಿ ಉಂಡಿರಲಿಲ್ಲ. "ಈಗ ಧೈರ್ಯ ಬಂತು, ಪಾರುಂಗೋ ತಾತಾ, ನೋಡ್ತಾ ಇರಿ," ಎಂದು ತಮಿಳು ಬೆರೆಸಿ ಹೇಳಿ, ಕೈ ಒರೆಸಿಕೊಂಡು ಹೊರಟಳು.

ಬರಿಗೈಯಲ್ಲಿ ಹೋಗಿ, ಬಾಯಿಬಿಟ್ಟು ಕೇಳಿದಳು. ಸಾಹೇಬರು ಕೂರಿಸಿ ಮಾತಾಡಿಸಿ, ಆಗಲೇ ಫೈಲು ತರಿಸಿದರಂತೆ. ಸ್ವಲ್ಪ ದಿನಗಳಲ್ಲೇ ಆರ್ಡರ್ ಬಂತು, ಅದರ ಹಿಂದೆಯೇ ಆ ಫೋನು.

ಆ ಸಂಜೆ ಮಗ ಬೇಗ ಮನೆಗೆ ಬಂದ, ಸೊಸೆ ಶಾವಿಗೆ ಪಾಯಸ ಮಾಡಿದಳು. ಮೊಮ್ಮಗಳನ್ನು ನಡುವೆ ಕೂರಿಸಿಕೊಂಡು, ಬೇಡ ಬೇಡವೆಂದರೂ ಅವಳ ಎಲೆಗೆ ಬಡಿಸುತ್ತ, ನಾವೆಲ್ಲ ಒಟ್ಟಿಗೆ ಉಂಡೆವು.