ಮದುವೆ ವಿಡಿಯೋ ಹೊತ್ತಿಗೆ ಸೋಲ್ ಗಾಯಕಿ

ಆಗ ನಾನು ಕುಮಟಾದ ಕೇಬಲ್ ಟೀವಿಯಲ್ಲಿ ಕೆಲಸಕ್ಕಿದ್ದೆ. ಓಂ ಬೀಚಿಗೆ ಬಂದ ವಿದೇಶಿಯೊಬ್ಬ ಬೂಸ್ಟು ಹಿಡಿದ ವಿಡಿಯೋ ಕ್ಯಾಸೆಟ್ ಸ್ವಚ್ಛ ಮಾಡಲು ಕೊಟ್ಟ. ಅದರಲ್ಲಿದ್ದದ್ದು ಸೋಲ್ ಎಂಬ ಅಮೆರಿಕದ ಕಪ್ಪು ಜನರ ಸಂಗೀತದ ಹಳೇ ಕಾಲದ ಗಾಯಕಿಯೊಬ್ಬಳು ಟೀವಿ ಸ್ಟುಡಿಯೋದಿಂದ ನೇರಪ್ರಸಾರದಲ್ಲಿ ಹಾಡಿದ್ದು. ಮೂಲ ಟೇಪನ್ನು ಸ್ಟುಡಿಯೋದವರೇ ಅಳಿಸಿಬಿಟ್ಟಿದ್ದರಂತೆ, ಉಳಿದ ಪ್ರತಿ ಇದೊಂದೇ. ಅಂಥ ಹಾಡನ್ನು ಒಬ್ಬನೇ ಕೇಳುವುದು ಪಾಪ. ಭಾನುವಾರ ಊರವರ ಮದುವೆ ವಿಡಿಯೋ ಹಾಕುವ ಹೊತ್ತಿಗೆ ಅದನ್ನೇ ಹಾಕಿದೆ.

ಫೋನ್ ಬಂತು. "ಎಂತ ಮಾರಾಯ, ನನ್ನ ಮಗಳ ಮದುವೆ ಎಲ್ಲಿ? ನೆಂಟರೆಲ್ಲ ಬಂದು ಕೂತಿದ್ದಾರೆ!"

"ಇವಳ ಹಾಡು ಮುಗೀಲಿ."

ಆಮೇಲೆ ಮಾಲೀಕರು. "ಈಗಲೇ ನಿಲ್ಲಿಸು. ಇಲ್ಲಾಂದ್ರೆ ನಾಳೆಯಿಂದ ಬರೂದು ಬೇಡ."

"ಆತು, ಬರೂದಿಲ್ಲ," ಎಂದು ಫೋನಿಟ್ಟೆ. ಅವಳು ಕೊನೇ ಸಾಲಿನವರೆಗೂ ಹಾಡಿದಳು.

ಕೆಲಸ ಹೋಯಿತು. ಆ ರಾತ್ರಿ ಹೊರಡುವ ಮೊದಲು ಮದುವೆ ಕ್ಯಾಸೆಟ್ಟಿನ ಜೊತೆ ಸ್ವಲ್ಪ ಹೊತ್ತು ಕೂತಿದ್ದೆ, ಅಷ್ಟೇ. ಮರುವಾರ ಆ ಮದುವೆ ಪ್ರಸಾರವಾದಾಗ, ಧಾರೆಯ ಹೊತ್ತಿಗೆ ಓಲಗದ ಬದಲು ಆ ಗಾಯಕಿಯೇ ಹಾಡಿದಳಂತೆ. ಮಾಲೀಕರಿಗೆ ನನ್ನ ಮೇಲೇ ಗುಮಾನಿ. ಪುರಾವೆ ಮಾತ್ರ ಇಲ್ಲ.