ಹೊತ್ತಿನೊಳಗಿನ ಊಟ

ನೇಮಿನಾಥರಿಗೆ ಅಡುಗೆ ಬರುತ್ತಿರಲಿಲ್ಲ ಎಂದರೆ ಮಾತು ಪೂರ್ತಿಯಾಗುವುದಿಲ್ಲ. ತಮ್ಮ ಮನೆಯ ಬೇಳೆ ಡಬ್ಬಿ ಯಾವ ಕಪಾಟಿನಲ್ಲಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಆಟೋ ನಗರದಲ್ಲಿ ಅವರದೊಂದು ಲೇಥ್ ವರ್ಕ್‌ಶಾಪು. ಟ್ರ್ಯಾಕ್ಟರಿನ ಸವೆದ ಶಾಫ್ಟನ್ನು ಕೈಯಲ್ಲಿ ಹಿಡಿದೇ ಎಲ್ಲಿ ಕೂದಲೆಳೆಯಷ್ಟು ತಗ್ಗಿದೆ ಎಂದು ಹೇಳಬಲ್ಲ ಮನುಷ್ಯ. ಮನೆಗೆ ಬಂದರೆ ಮಾತ್ರ ನೀರಿನ ತಂಬಿಗೆ ತಾನಾಗಿ ಎದುರಿಗೆ ಬರಬೇಕು. ಬರುತ್ತಿತ್ತು ಕೂಡ. ತಂದಿಡಲು ಹೆಂಡತಿ ಚಂಪಾಬಾಯಿ ಇದ್ದರು.

ಕೊರೋನಾ ಬಂದ ವರ್ಷ, ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಚಂಪಾಬಾಯಿ ಖಾನಾಪುರಕ್ಕೆ ಹೋದರು. ಅಲ್ಲಿ ಮಗಳು ಪೂನಮ್‌ಗೆ ದಿನ ತುಂಬುತ್ತ ಬಂದಿತ್ತು. ಹಿಂದಿನ ಸಲ ಅವಳಿಗೆ ಕೂಸು ದಕ್ಕಿರಲಿಲ್ಲ. ಈ ಸಲ ಡಾಕ್ಟರು ಓಡಾಟ ಬೇಡವೆಂದದ್ದರಿಂದ ಮಗಳು ತವರಿಗೆ ಬರುವ ಬದಲು ತವರೇ ಮಗಳ ಮನೆಗೆ ಹೋಯಿತು. ‘ಹಬ್ಬಕ್ಕ ಬಂದು ಮತ್ತ ಹೋಗತೀನ್ರಿ’ ಎಂದು ಒಂದೇ ಚೀಲ ಹಿಡಿದು ಹೋದವರು, ಹಬ್ಬದ ಹೊತ್ತಿಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅಲ್ಲೇ ಉಳಿದುಬಿಟ್ಟರು. ಬೆಳಗಾವಿಗೂ ಖಾನಾಪುರಕ್ಕೂ ನಡುವೆ ಇರುವುದು ಒಂದು ನಿದ್ದೆಗೂ ಸಾಲದಷ್ಟು ದಾರಿ. ಅದೇ ದಾರಿಯಲ್ಲಿ ಈಗ ಪೊಲೀಸರು ಬಿದಿರು ಕಟ್ಟಿ ನಿಂತಿದ್ದರು.

ರವಿವಾರ ಪೇಟೆಯ ಹಿಂದಿನ ಗಲ್ಲಿಯ ಆ ಮನೆಯಲ್ಲಿ ನೇಮಿನಾಥರು, ಒಂದು ಗ್ಯಾಸ್ ಒಲೆ, ಮಿಕ್ಸರ್ ಕೊಂಡಾಗ ಪುಕ್ಕಟೆ ಬಂದಿದ್ದ ಒಂದು ಅಡುಗೆ ಪುಸ್ತಕ, ಇಷ್ಟೇ ಉಳಿದವು. ಬಾಜು ಮನೆಯ ಅಲಕಾ ಕಾಂಪೌಂಡ್ ಗೋಡೆಯ ಮೇಲಿಂದ ಮೊದಲ ದಿನವೇ ಕೇಳಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಮನೆಯಲ್ಲಿ ಮರಾಠಿ ಆಡುವ ಹೆಣ್ಣುಮಗಳು.

“ಕಾಕಾ, ಎರಡ ಚಪಾತಿ ಕಳಸ್ಲೇನ್ರಿ? ಖರೇ, ಸಂಕೋಚ ಮಾಡಬ್ಯಾಡ್ರಿ.”

“ಬ್ಯಾಡವಾ. ನಿಮ್ಮ ಅಡಗಿಮನ್ಯಾಗ ಉಳ್ಳಾಗಡ್ಡಿ ಬರತೈತಲ್ಲ, ನಮಗ ನಡಿಯಂಗಿಲ್ಲ. ಸಿಟ್ಟ ಮಾಡ್ಕೋಬ್ಯಾಡ. ನಾನ ಮಾಡ್ಕೋತೀನಿ.”

ಅಲಕಾಳಿಗೆ ಸಿಟ್ಟೇನೂ ಬರಲಿಲ್ಲ, ನಗು ಬಂತು. ನೇಮಿನಾಥರು ಜೈನರು. ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಆ ಮನೆಯ ಹೊಸ್ತಿಲು ದಾಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಯಾರೂ ಅನ್ನ ಮುಟ್ಟುವುದಿಲ್ಲ. ಇದು ಗಲ್ಲಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಆ ಪುಸ್ತಕಕ್ಕೆ ಮಾತ್ರ. ಯಾವ ಪುಟ ತೆರೆದರೂ ‘ಎರಡು ಈರುಳ್ಳಿ ಸಣ್ಣಗೆ ಹೆಚ್ಚಿಕೊಳ್ಳಿ’ ಎಂದೇ ಶುರು. ನೇಮಿನಾಥರು ವರ್ಕ್‌ಶಾಪಿನ ಪೆನ್ಸಿಲ್ ತೆಗೆದುಕೊಂಡು ಕೂತು ಗೀಟೆಳೆದು ಈರುಳ್ಳಿ ಹೊಡೆದರು, ಬೆಳ್ಳುಳ್ಳಿ ಹೊಡೆದರು, ಆಲೂಗಡ್ಡೆ ಹೊಡೆದರು, ಗಜ್ಜರಿ ಹೊಡೆದರು. ಒಂದು ಪಲ್ಯದಲ್ಲಿ ಕೊನೆಗೆ ಉಳಿದದ್ದು ಕೊತ್ತಂಬರಿ, ನೀರು ಮತ್ತು ‘ರುಚಿಗೆ ತಕ್ಕಷ್ಟು ಉಪ್ಪು’. ಆ ಉಪ್ಪೂ ಅವರನ್ನು ಕಾಡಿತು. ಖಾನಾಪುರಕ್ಕೆ ಫೋನ್ ಹಚ್ಚಿದರು.

“ಏ ಚಂಪಾ, ರುಚಿಗೆ ತಕ್ಕಷ್ಟ ಅಂದ್ರ ಎಷ್ಟ? ಚಮಚಾದ ಲೆಕ್ಕದಾಗ ಹೇಳು.”

“ಚಮಚಾ ಯಾತಕ್ಕರೀ? ನಿಮಗ ಉಪ್ಪು ಕಡಿಮಿನ ಬೇಕು. ಎರಡ ಚಿಟಿಕಿ ಹಾಕ್ರಿ, ಸಾಕು.”

ಸರಿ, ಅಲ್ಲಿಗೆ ಉಪ್ಪಿನ ಸಮಸ್ಯೆ ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಸೂರ್ಯ.

ನೇಮಿನಾಥರ ಕೆಲಸದ ರೀತಿಯೇ ಹಾಗೆ. ಲೇಥಿಗೆ ಕೈ ಹಚ್ಚುವ ಮೊದಲು ಎಲ್ಲ ಹತಾರಗಳನ್ನೂ ಸಾಲಾಗಿ ಜೋಡಿಸಿ, ಒರೆಸಿ, ನೋಡಿ, ಆಮೇಲೆ ಸ್ವಿಚ್ಚು. ಅಡುಗೆಮನೆಯಲ್ಲೂ ಅದನ್ನೇ ಮಾಡಿದರು. ನೀರನ್ನು ಅರಿವೆಯಲ್ಲಿ ಸೋಸಿದರು, ಸೋಸಿದ್ದನ್ನು ಮತ್ತೆ ಸೋಸಿದರು. ಹುಳ ಹುಪ್ಪಡಿ ಇದ್ದು ಒಂದು ಜೀವ ತಮ್ಮ ಕೈಯಲ್ಲಿ ಬೆಂದುಹೋದೀತೆಂದು ಅಕ್ಕಿಯನ್ನು ತಾಟಿನಲ್ಲಿ ಹರಡಿ ಕನ್ನಡಕ ಏರಿಸಿ ಕಾಳು ಕಾಳೇ ನೋಡಿದರು. ಚಂಪಾಬಾಯಿ ಮೊರದಲ್ಲಿ ನಾಲ್ಕು ಸಲ ಕೇರಿ ಮುಗಿಸುವ ಕೆಲಸ, ಇವರಿಗೆ ಒಂದು ತಾಸು. ಬೆಳಗಿನ ಅಡುಗೆ ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಗುತ್ತಿತ್ತು. ಎರಡು ಹೊತ್ತಿಗೆ ಬೇಯಿಸಲು ಹೋಗಿ ಒಂದು ಹೊತ್ತಿಗೂ ಸಾಲದಷ್ಟು ಉಳಿದು, ಮಿಕ್ಕದ್ದು ಪಾತ್ರೆಯ ತಳಕ್ಕೆ ಹತ್ತಿರುತ್ತಿತ್ತು. ಆ ಪಾತ್ರೆ ತಿಕ್ಕಿ ಮತ್ತೆ ಅಕ್ಕಿ ಆರಿಸಲು ಕೂತರೆ ಅಡುಗೆಮನೆಯ ಕಿಟಕಿಯಲ್ಲಿ ಹೊತ್ತು ಆಗಲೇ ಎದುರು ಮನೆಯ ನೀರಿನ ಟಾಕಿಯ ಹತ್ತಿರ ಬಂದಿರುತ್ತಿತ್ತು. ಟಾಕಿಯ ಹಿಂದೆ ಹೋಯಿತೆಂದರೆ ಮುಗಿಯಿತು. ಕುಕ್ಕರ್ ಸೀಟಿ ಹೊಡೆಯುವುದೂ ಸೂರ್ಯ ಮರೆಯಾಗುವುದೂ ಒಟ್ಟಿಗೇ ಆಗಿ, ನೇಮಿನಾಥರು ಹಸಿದ ಹೊಟ್ಟೆಯಲ್ಲಿ ಒಲೆ ಆರಿಸಿ ಅನ್ನವನ್ನು ಗಲ್ಲಿಯ ಆಕಳಿಗೆ ಹಾಕಿ ಮಲಗುತ್ತಿದ್ದರು. ಆ ಆಕಳು ಲಾಕ್‌ಡೌನಿನಲ್ಲಿ ದಪ್ಪಗಾಯಿತು.

ಹಸಿವು ಅವರಿಗೆ ದೊಡ್ಡದಾಗಿರಲಿಲ್ಲ. ಅದು ಖಾನಾಪುರಕ್ಕೆ ಗೊತ್ತಾಗಬಾರದು ಎಂಬುದೇ ದೊಡ್ಡದಾಗಿತ್ತು. ಪೂನಮ್ ಹೆತ್ತಿದ್ದಳು. ಹೆಣ್ಣುಕೂಸು, ತೂಕ ಕಡಿಮೆ, ಬಾಣಂತಿಯ ಮೈಯಲ್ಲೂ ಶಕ್ತಿಯಿಲ್ಲ. ಆ ಮನೆಗೆ ಚಂಪಾಬಾಯಿ ಬೇಕೇ ಬೇಕು. ಗಂಡ ಉಪವಾಸ ಬಿದ್ದಿದ್ದಾನೆಂದು ತಿಳಿದರೆ ಆ ಹೆಂಗಸು ಪೊಲೀಸರನ್ನೂ ಬಿದಿರನ್ನೂ ಕೇಳದೆ ನಡೆದೇ ಹೊರಡುವವಳು. ಹಾಗೆಂದು ಸುಳ್ಳು ಹೇಳುವಂತೆಯೂ ಇಲ್ಲ. ಸುಳ್ಳಾಡುವುದಿಲ್ಲವೆಂದು ನೇಮಿನಾಥರು ಬಸದಿಯಲ್ಲಿ ಮುನಿಗಳ ಮುಂದೆ ವ್ರತ ಹಿಡಿದವರು. ಗಿರಾಕಿಗಳಿಗೆ ‘ನಾಳೆ ಕೊಡತೀನಿ’ ಎನ್ನುವುದನ್ನು ಅವರು ಸುಳ್ಳೆಂದು ಗಣಿಸುತ್ತಿರಲಿಲ್ಲ, ಅದು ಬೇರೆ ಮಾತು. ಆದ್ದರಿಂದ ಉಂಡ ಸಂಜೆ ತಾವೇ ಫೋನ್ ಮಾಡಿ ‘ಊಟ ಆತು’ ಎನ್ನುತ್ತಿದ್ದರು. ಉಣ್ಣದ ಸಂಜೆ ಫೋನು ಬಡಿದುಕೊಂಡರೂ ಎತ್ತದೆ, ಕತ್ತಲಾದ ಮೇಲೆ ತಾವಾಗಿ ಹಚ್ಚಿ ಕೂಸಿನ ಮಾತಷ್ಟು ಆಡಿ ಇಟ್ಟುಬಿಡುತ್ತಿದ್ದರು. ಇದರಲ್ಲಿ ಸುಳ್ಳೆಲ್ಲಿದೆ? ತಮ್ಮ ಜಾಣತನ ತಮಗೇ ಹಿಡಿಸಿತ್ತು.

ಒಂದು ಮಧ್ಯಾಹ್ನ ಪೂನಮ್ ಫೋನ್ ಮಾಡಿದಳು. ಅವಳ ದನಿ ಸಣ್ಣದಾಗಿತ್ತು, ಪಕ್ಕದ ಕೋಣೆಯಲ್ಲಿ ತಾಯಿ ಇದ್ದರೆಂದು ಕಾಣುತ್ತದೆ.

“ಅಪ್ಪಾ, ನೀವು ಸಂಜೀಮುಂದ ಉಣ್ಣಾಕ ಹತ್ತೀರೋ ಇಲ್ಲೋ? ಖರೇ ಹೇಳ್ರಿ.”

“ಯಾಕವಾ?”

“ನಿಮ್ಮ ಫೋನ್ ಬಂದ ಮ್ಯಾಲ ಅವ್ವ ತಾಟಿನ ಮುಂದ ಕುಂದರತಾಳ. ಹೊತ್ತ ಮುಳುಗೂತನ ಬರಲಿಲ್ಲಂದ್ರ, ನನಗ ಹಸಿವಿಲ್ಲ ಅಂತಾಳ. ನೀರೂ ಮುಟ್ಟಂಗಿಲ್ಲ. ಹಗಲೆಲ್ಲ ನನ್ನ ಕೂಸಿನ ಅರಿವಿ ಒಗದು, ನನಗ ಎಣ್ಣಿ ಹಚ್ಚಿ, ಉಪಾಸ ಮಲಗತಾಳ. ಮುಂಜಾನೆ ಎದ್ದಾಗ ಗ್ವಾಡಿ ಹಿಡದ ನಿಂತಿದ್ದಳು. ಈಗ ನೋಡಿದ್ರ ಚೀಲಾ ತುಂಬಾಕ ಹತ್ತ್ಯಾಳ. ಇವತ್ತೂ ಹೊತ್ತಿನೊಳಗ ಫೋನ್ ಬರಲಿಲ್ಲಂದ್ರ ನಾಳಿಗೆ ನಡಕೋತ ಹೋಗಿಬಿಡತೀನಿ ಅಂತಾಳ. ಅಪ್ಪಾ, ಆಕಿ ಹೋದ್ರ ನಾ ಏನ ಮಾಡ್ಲಿ?”

ಮಗಳಿಗೆ ಏನು ಹೇಳಿ ಫೋನ್ ಇಟ್ಟರೋ ನೇಮಿನಾಥರಿಗೆ ಆಮೇಲೆ ನೆನಪಿರಲಿಲ್ಲ. ‘ನನಗ ಹಸಿವಿಲ್ಲ’ ಎಂಬ ಒಂದು ಮಾತು ಕಿವಿಯಲ್ಲಿ ನಿಂತುಬಿಟ್ಟಿತ್ತು. ಅದು ಅವರು ಬಲ್ಲ ಮಾತು. ಮದುವೆಯಾದಾಗಿನಿಂದ ಕೇಳಿದ ಮಾತು.

ವರ್ಕ್‌ಶಾಪಿನಲ್ಲಿ ಕೆಲಸ ಹೆಚ್ಚಿದ ದಿನಗಳಲ್ಲಿ ಅವರು ಸ್ಕೂಟರ್ ಓಡಿಸಿಕೊಂಡು ಬಂದು, ಕೈಯ ಗ್ರೀಸು ತೊಳೆದು, ಬೆಳಕು ಇನ್ನೇನು ಹೋಗುವಾಗ ತಾಟಿನ ಮುಂದೆ ಕೂರುವರು. ಬಿಸಿ ರೊಟ್ಟಿ ಒಂದರ ಮೇಲೊಂದು ಬೀಳುವುದು. ‘ಸೂರ್ಯ ನನ್ನ ಸಲುವಾಗಿ ನಿಂತಾನ ನೋಡು’ ಎಂದು ಚೇಷ್ಟೆ ಮಾಡುವರು. ಇವರ ಕೊನೆಯ ತುತ್ತಿಗೂ ಬೆಳಕಿನ ಕೊನೆಗೂ ಸರಿಹೋಗುವುದು. ‘ನೀನು?’ ಎಂದರೆ ‘ನನಗ ಹಸಿವಿಲ್ರಿ’ ಎಂದು ಚಂಪಾಬಾಯಿ ಒಲೆ ಆರಿಸಿ ಪಾತ್ರೆ ಎತ್ತುವರು. ಗಂಡ ಉಣ್ಣುವ ಮೊದಲು ಉಣ್ಣುವವರಲ್ಲ, ಹೊತ್ತು ಮುಳುಗಿದ ಮೇಲೂ ಉಣ್ಣುವವರಲ್ಲ. ಇದರ ನಡುವೆ ಆಕೆಗೆ ಉಳಿದದ್ದೇನು ಎಂದು ನೇಮಿನಾಥರು ಒಂದು ದಿನವೂ ಯೋಚಿಸಿರಲಿಲ್ಲ. ‘ನಮ್ಮ ಮನಿಯಾಕಿ ಊಟ ಭಾಳ ಕಡಿಮಿ’ ಎಂದು ಆಟೋ ನಗರದ ಚಹಾದ ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಯೂ ಇದ್ದರು. ಎಷ್ಟು ಸಂಜೆಗಳು! ಅಡುಗೆಮನೆಯ ನೆಲದ ಮೇಲೆ, ಆರಿಸುತ್ತಿದ್ದ ಅಕ್ಕಿಯ ಮುಂದೆ ಕೂತಲ್ಲೇ ಆ ಮನುಷ್ಯ ಅತ್ತರು. ನಾಚಿಕೆಯಿಂದ ಅತ್ತರು, ಬೇರೇನಕ್ಕೂ ಅಲ್ಲ.

ಆಮೇಲೆ ಎದ್ದು ಅಕ್ಕಿಯನ್ನು ಮೊರಕ್ಕೆ ಸುರಿದು, ಬಂದಷ್ಟು ಬರಲಿ ಎಂದು ನಾಲ್ಕು ಸಲ ಕೇರಿದರು. ಅರ್ಧ ಅಕ್ಕಿ ನೆಲಕ್ಕೆ ಹೋಯಿತು. ಗೋಡೆಯಾಚೆಯಿಂದ ಕಿಟಕಿಯಲ್ಲಿ ಇದನ್ನು ಕಂಡ ಅಲಕಾ ಕೂಗಿದಳು: “ಕಾಕಾ, ಕುಕ್ಕರ್ ಮೊದ್ಲ ಏರಸ್ರಿ! ಉಳದದ್ದ ಅದು ಕುದಿಯೂದರಾಗ ಆಗತೈತಿ.” ಏರಿಸಿದರು. ಬಿಸಿಲು ಇನ್ನೂ ಟಾಕಿಯ ನೆತ್ತಿಯ ಮೇಲೇ ಇತ್ತು. ಎಲ್ಲ ಸರಿಯಾಗಿ ನಡೆದಿತ್ತು, ಒಲೆ ಪಕ್ಕನೆ ನೀಲಿ ನಾಲಿಗೆ ಒಳಗೆಳೆದುಕೊಂಡು ಆರುವತನಕ. ಗ್ಯಾಸ್ ಮುಗಿದಿತ್ತು.

ನೇಮಿನಾಥರು ಸಿಲಿಂಡರನ್ನು ಅಲ್ಲಾಡಿಸಿದರು, ಓರೆ ಮಾಡಿದರು, ಬೈದರು. ಬೆಳಕು ಟಾಕಿಯ ಕಡೆ ಜಾರುತ್ತಿತ್ತು. ಹಿಂದಿನ ನೇಮಿನಾಥರಾಗಿದ್ದರೆ ‘ಇವತ್ತೂ ಹೋತು’ ಎಂದು ಗೋಡೆಗೆ ಒರಗುತ್ತಿದ್ದರು. ಇಂದು ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ತೆಳು ಅವಲಕ್ಕಿ ಸಿಕ್ಕಿದ್ದೇ ತಡ, ಮೊಸರು ಸುರಿದು, ಎರಡು ಚಿಟಿಕೆ ಉಪ್ಪು ಹಾಕಿ, ನಿಂತಲ್ಲೇ ಉಂಡರು. ಬಾಯಿ ಒರೆಸಿಕೊಳ್ಳುತ್ತಲೇ ಫೋನ್ ಹಚ್ಚಿದರು. ಚಂಪಾಬಾಯಿ ಮೊದಲ ರಿಂಗಿಗೇ ಎತ್ತಿದರು.

“ಊಟ ಆತೇನ್ರಿ?”

“ಆತು. ಅವಲಕ್ಕಿ ಮೊಸರು. ಗ್ಯಾಸ್ ಮುಗದೈತಿ, ಅದಕ್ಕ ಅಷ್ಟ. ಖರೇನ ಹೊಟ್ಟಿ ತುಂಬೈತಿ. ಈಗ ನೀ ತಾಟ ಹಚ್ಕೊಂಡ ಕುಂದ್ರು.”

“ಉಣತೀನ್ರಿ. ನೀವ್ ಫೋನ್ ಇಡ್ರಿ.”

“ಇಡಂಗಿಲ್ಲ. ನೀ ಉಣ್ಣೂದ ನನಗ ಕೇಳಬೇಕು.”

ಆ ಕಡೆ ತಾಟು ನೆಲಕ್ಕೆ ತಾಗಿದ್ದು ಕೇಳಿತು, ತಂಬಿಗೆ ಕೇಳಿತು, ಕೂಸು ಒಮ್ಮೆ ಅತ್ತದ್ದು ಕೇಳಿತು. ನೇಮಿನಾಥರು ಟಾಕಿಯನ್ನು ನೋಡುತ್ತ ಫೋನ್ ಹಿಡಿದೇ ನಿಂತಿದ್ದರು. ಸೂರ್ಯ ಹೋಗುವ ಮುಂಚೆ ಅತ್ತಲಿಂದ ಕೈ ತೊಳೆದ ನೀರಿನ ಸದ್ದು ಬಂತು. ಅವ್ವ ಚೀಲ ಬಿಚ್ಚಿ ಸೀರೆಗಳನ್ನು ಮತ್ತೆ ಗೂಟಕ್ಕೆ ಹಾಕಿದ್ದಾಳೆಂದು ರಾತ್ರಿ ಪೂನಮ್ ಹೇಳಿದಳು.

ಮರುದಿನದಿಂದ ಅದೇ ಪದ್ಧತಿಯಾಯಿತು. ಹೊಸ ಸಿಲಿಂಡರು ಬಂತು. ನೇಮಿನಾಥರು ಹಗಲು ಇನ್ನೂ ಧಾರಾಳವಾಗಿರುವಾಗ ಉಂಡು, ಹೆಂಡತಿ ಉಣ್ಣುವುದನ್ನು ಕಿವಿಯಲ್ಲಿ ಕೇಳುವರು. ರೊಟ್ಟಿ ಅವರ ಕೈಗೆ ಕೊನೆತನಕ ದುಂಡಗೆ ಬರಲಿಲ್ಲ. ಲೇಥಿನ ಮೇಲೆ ಏನು ಬೇಕಾದರೂ ದುಂಡಗೆ ಮಾಡುವವರು ಹಿಟ್ಟಿನ ಮುಂದೆ ಸೋತರೆಂದು ಅಲಕಾ ಗಲ್ಲಿಗೆಲ್ಲ ಹೇಳಿ ನಗಿಸಿದಳು. ಹೆಸರುಬೇಳೆಯ ಆಮಟಿ ಸಾರು ಮಾತ್ರ ಇಂಗಿನ ಒಗ್ಗರಣೆಯಲ್ಲಿ ಚೆನ್ನಾಗಿಯೇ ಆಗುತ್ತಿತ್ತು.

ಕೂಸಿಗೆ ತಿಂಗಳು ದಾಟಿ, ಪೂನಮ್ ತಾನೇ ಎದ್ದು ಓಡಾಡುವಂತಾಗಿ, ದಾರಿಯ ಬಿದಿರು ಎತ್ತಿದ ಮೇಲೆ ಅಳಿಯ ಸುಯಶ ಅತ್ತೆಯನ್ನು ತನ್ನ ಟೆಂಪೋದಲ್ಲಿ ಕರೆತಂದ. ಮಧ್ಯಾಹ್ನಕ್ಕೆ ಬರಬೇಕಾದವರು. ನಡುವೆ ಒಂದು ಊರಿಗೆ ಸೀಲು ಹಾಕಿದ್ದರೆಂದು ಸುತ್ತು ಹಾಕಿ ಬರುವಾಗ ಸಂಜೆ ಇಳಿದಿತ್ತು. ಕರ್ಫ್ಯೂ ಮೊದಲು ಮನೆ ಮುಟ್ಟಬೇಕೆಂದು ಸುಯಶ ಇಳಿಸಿದ ಹಾಗೇ ತಿರುಗಿ ಹೋದ. ನೇಮಿನಾಥರು ಇಬ್ಬರೂ ಕೂಡಿ ಉಣ್ಣೋಣವೆಂದು ಮಾಡಿಟ್ಟು ಬಾಗಿಲಲ್ಲೇ ನಿಂತಿದ್ದರು. ಚಂಪಾಬಾಯಿ ಬಳಲಿದ್ದರು. ಕಾಲು ತೊಳೆದು ಒಳಗೆ ಬಂದವರು ಕಿಟಕಿ ನೋಡಿದರು. ಹೊತ್ತು ಟಾಕಿಯ ಅಂಚಿಗಿತ್ತು, ಒಬ್ಬರು ನೀಡಿ ಒಬ್ಬರು ಉಣ್ಣುವಷ್ಟೇ ಬೆಳಕು.

“ಯವ್ವಾ, ನೀವ್ ಇನ್ನೂ ಉಂಡಿಲ್ಲೇನ್ರಿ? ಕುಂದರ್ರಿ ಲಗೂನ, ನಾ ನೀಡತೀನಿ.” ಸೆರಗು ಸಿಕ್ಕಿಸಿ ಸವಟಿಗೆ ಕೈ ಹಾಕಿದರು. ನೇಮಿನಾಥರು ಸವಟು ಕಸಿದುಕೊಂಡರು. ಒಂದೇ ತಾಟಿಗೆ ರೊಟ್ಟಿ, ಆಮಟಿ ನೀಡಿ ಆಕೆಯ ಮುಂದೆ ಇಟ್ಟರು.

“ನೀ ಉಣ್ಣು. ನನಗ ಹಸಿವಿಲ್ಲ.”

ಚಂಪಾಬಾಯಿ ಗಂಡನ ಮುಖ ನೋಡಿದರು. ವ್ರತ ಹಿಡಿದ ಮನುಷ್ಯ ಹೇಳಿದ ಸುಳ್ಳು ಅದು, ಮತ್ತು ಆ ಸುಳ್ಳಿನ ಉದ್ದ ಅಗಲವೆಲ್ಲ ಆಕೆಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಗಂಡನಿಗೆ ಇದು ತಿಳಿದೀತೆಂದು ಅವರು ಎಣಿಸಿರಲಿಲ್ಲ.

“ಆ ಮಾತ ನನ್ನ ಮುಂದ ಹೇಳಬ್ಯಾಡ್ರಿ,” ಎಂದರು. “ಬರ್ರಿ, ಇದ ತಾಟಿನ್ಯಾಗ ಕೈ ಹಾಕ್ರಿ. ಇನ್ನೂ ಬೆಳಕೈತಿ.”

ಒಂದೇ ತಾಟಿಗೆ ಇಬ್ಬರೂ ಕೂತರು. ಮಾತಿಗೆ ಹೊತ್ತಿರಲಿಲ್ಲ. ಸೊಟ್ಟ ರೊಟ್ಟಿ ಮುರಿದು, ಅದ್ದಿ, ಇಬ್ಬರೂ ಲಗುಬಗೆಯಿಂದ ಉಂಡರು. ಅರ್ಧ ಉಂಡ ಮೇಲೆ ನೇಮಿನಾಥರಿಗೆ ತಡೆಯಲಾಗಲಿಲ್ಲ.

“ಆಮಟಿ ಹ್ಯಾಂಗ ಆಗೈತಿ? ಉಪ್ಪು ಸರಿ ಐತಿಲ್ಲ?”

“ನಿಮಗ ಸರಿ ಐತ್ರಿ.” ಚಂಪಾಬಾಯಿ ಮತ್ತೊಂದು ತುತ್ತು ಅದ್ದಿದರು. “ನನಗ ಇನ್ನೊಂದೀಟು ಬೇಕಾಗತೈತಿ. ಮೊದಲಿಂದನೂ.”

ನೇಮಿನಾಥರು ಎದ್ದು ಉಪ್ಪಿನ ಡಬ್ಬಿ ತಂದು ಆಕೆಯ ಬಾಜು ಇಟ್ಟರು.